ಹಾನುಬಾಳು ಕಡೆಯ ಅದಲುಬದಲು: ಗೆಡ್ಡೆಗಾದರೆ ಹೋಗಿ, ಬೀಜ ನೆಚ್ಚಬೇಡಿ

ಸಕಲೇಶಪುರದಿಂದ ಮೂಡಿಗೆರೆಗೆ ಹೋಗುವ ರಸ್ತೆಯಲ್ಲಿ, ಹಾನುಬಾಳು ದಾಟಿ ಸ್ವಲ್ಪ ಒಳಗೆ ಒಂದು ತೋಟದ ಮನೆ. ವರ್ಷಕ್ಕೊಂದು ಸಲ, ರೋಹಿಣಿ ಮಳೆಗೆ ಮುಂಚೆ, ಅಲ್ಲಿ ಹೂಗಿಡದ ಗೆಡ್ಡೆ-ಬೀಜ ಅದಲುಬದಲು ನಡೆಯುತ್ತೆ. ಬೋರ್ಡಿಲ್ಲ, ಹೆಸರಿಲ್ಲ. ಕಾಫಿ ಒಣಗಿಸಿ ಮುಗಿದು ಖಾಲಿ ಬಿದ್ದ ಕಣದ ಮೇಲೆ ಗೋಣಿಚೀಲ ಹಾಸಿ, ತಂದವರು ತಂದದ್ದನ್ನು ಹರಡಿ ಕೂರುತ್ತಾರೆ. ದುಡ್ಡು ಕೈ ಬದಲಾಯಿಸೋ ಹಾಗಿಲ್ಲ. ಗೆಡ್ಡೆಗೆ ಗೆಡ್ಡೆ, ಚಮಚ ಬೀಜಕ್ಕೆ ಚಮಚ ಬೀಜ. ಬರಿಗೈಲಿ ಬಂದವರಿಗೆ ಕಡ ಕೊಡ್ತಾರೆ, ಬರುವ ವರ್ಷ ಒಂದಕ್ಕೆ ಎರಡು ತಂದು ತೀರಿಸಬೇಕು. ಬೇಲೂರು, ಆಲೂರು, ಆಲ್ದೂರು, ಹಾಸನ ಪೇಟೆಯಿಂದೆಲ್ಲ ಜನ ಬರ್ತಾರೆ. ಕೆಲವು ವರ್ಷಗಳಿಂದ ಹೋಗ್ತಾ ಇರೋದರಿಂದ ಒಳ್ಳೇದು ಕೆಟ್ಟದು ಎರಡನ್ನೂ ಹೇಳುವಷ್ಟು ಸಲಿಗೆ ನನಗಿದೆ.

ಮೊದಲು ಡೇರೆ ಹೂವು, ಅಂದರೆ ಡೇಲಿಯಾ. ಈ ಜಾಗಕ್ಕೆ ಹೋಗಬೇಕಾದದ್ದೇ ಡೇರೆಗೆ. ಡೇರೆಯನ್ನು ಬೀಜದಿಂದ ಬೆಳೆಸಿದರೆ ತಾಯಿಯ ಬಣ್ಣ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಅದರ ಜೀವಕೋಶದಲ್ಲಿ ಗುಣಗಳನ್ನು ಹೊರುವ ಕ್ರೋಮೋಸೋಮು ಎರಡೆರಡು ಪ್ರತಿಯಲ್ಲ, ಎಂಟೆಂಟು ಪ್ರತಿ. ಹಾಗಾಗಿ ಒಂದೇ ಹೂವಿನ ಬೀಜದಲ್ಲಿ ಹತ್ತು ಗಿಡ ಎಬ್ಬಿಸಿದರೆ ಹತ್ತೂ ಬೇರೆ ಬೇರೆ. ಗೆಡ್ಡೆ ಹಾಗಲ್ಲ, ಹೋದ ವರ್ಷ ಅವರ ಅಂಗಳದಲ್ಲಿ ಅರಳಿದ್ದೇ ಈ ವರ್ಷ ನಮ್ಮ ಅಂಗಳದಲ್ಲಿ ಅರಳುತ್ತೆ. ಇಲ್ಲಿ ಗೆಡ್ಡೆಯ ಪಕ್ಕದಲ್ಲಿ ಹೂವಿನ ಫೋಟೋ ಇಡಲೇಬೇಕು, ಕೇಳಿದರೆ ಗಿಡ ಎಷ್ಟೆತ್ತರ, ಕೋಲು ಬೇಕಾ, ಜಡಿಮಳೆಗೆ ತಲೆ ಬಾಗುತ್ತಾ ಅಂತ ಬೆಳೆಸಿದವರೇ ಹೇಳ್ತಾರೆ. ನರ್ಸರಿಯಲ್ಲಿ ಈ ಮಾತು ಯಾರು ಹೇಳ್ತಾರೆ? ಬೇಲೂರು ಕಡೆಯ ಒಬ್ಬ ಅಕ್ಕ ಕೊಟ್ಟ ನೇರಳೆ ಡೇರೆ, ಅಂಚು ಮಾತ್ರ ಬಿಳಿ, ಅವರು ಹೇಳಿದಂತೆ ಸೊಂಟದೆತ್ತರಕ್ಕೇ ನಿಂತು ಗೌರಿಹಬ್ಬದಿಂದ ದಸರಾ ಮುಗಿಯುವ ತನಕ ಬಿಡದೆ ಹೂ ಕೊಡ್ತು.

ಅದಲುಬದಲು ನಡೆಸುವ ತೋಟದ ಮನೆಯ ಅಮ್ಮ ಪ್ರತಿ ಗೆಡ್ಡೆಯನ್ನೂ ಎತ್ತಿ, ಕುತ್ತಿಗೆ ನೋಡಿಯೇ ಒಳಗೆ ಬಿಡೋದು. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು, ಡೇರೆ ಗೆಡ್ಡೆಗೆ ಕಣ್ಣಿರೋದು ಹಳೇ ಕಾಂಡ ಸೇರುವ ಬುಡದಲ್ಲಿ, ಅಂದರೆ ಈ ಕುತ್ತಿಗೆಯಲ್ಲಿ ಮಾತ್ರ. ಕೀಳುವಾಗ ಆ ಬುಡ ಮುರಿದು ಹೋಗಿದ್ದರೆ ಗೆಡ್ಡೆ ಎಷ್ಟೇ ದುಂಡಗಿರಲಿ, ಬೇರು ಬಿಟ್ಟರೂ ಬಿಟ್ಟೀತು, ಚಿಗುರೊಡೆಯಲ್ಲ. ಹೋದ ಸಲ ಹಾಸನದ ಒಬ್ಬ ಹುಡುಗ ಆನ್‌ಲೈನಲ್ಲಿ ತರಿಸಿದ ಗೆಡ್ಡೆಗಳನ್ನು ಪ್ಯಾಕೆಟ್ ಸಮೇತ ತಂದಿದ್ದ. ಪ್ಯಾಕೆಟ್ ಮೇಲೆ ಊಟದ ತಟ್ಟೆಯಷ್ಟಗಲದ ಹೂವಿನ ಚಿತ್ರ.

"ಏನಪ್ಪಾ, ಇದಕ್ಕೆ ಕುತ್ತಿಗೇನೇ ಇಲ್ಲ. ಸಾರಿಗೆ ತಂದ್ಯಾ?" ಅಂದರು ಅಮ್ಮ.

"ಪಾರ್ಸೆಲ್ ಬಂದಿದ್ದೇ ಹಿಂಗೆ ಅಮ್ಮ, ಅದೂ ನಾನೂರು ರೂಪಾಯಿ ಕೊಟ್ಟು."

ಅವನಿಗೆ ಕಡದ ಲೆಕ್ಕದಲ್ಲಿ ಕಣ್ಣಿರುವ ಎರಡು ಕೆಂಪು ಡೇರೆ ಕೊಟ್ಟು ಕಳಿಸಿದರು. ಈ ಒಂದು ತಪಾಸಣೆಗೇ ನಾನು ಈ ಜಾಗಕ್ಕೆ ಪೂರ್ತಿ ಅಂಕ ಕೊಡ್ತೀನಿ.

ಬೀಜದ ಸಾಲಿನ ಕಥೆ ಬೇರೆ. ಚೆಂಡುಹೂ, ಜೀನಿಯಾ, ಕಾಸ್ಮಸ್ ಬೀಜ ರಾಶಿ ರಾಶಿ ಬರುತ್ತೆ, ಚೀಟಿ ಮೇಲೆ "ಕಿತ್ತಳೆ, ದೊಡ್ಡದು" ಅಂತ ಬರೆದಿರುತ್ತೆ. ಪಕ್ಕದ ಪಾತಿಯ ಹಳದಿ ಹೂವಿಗೂ ಕೂತು ಬಂದ ಜೇನುನೊಣಕ್ಕೆ ಆ ಚೀಟಿ ಓದೋಕೆ ಬರಲ್ಲ. ಅಂಗಡಿಯ ಹೈಬ್ರಿಡ್ ಚೆಂಡುಹೂವಿನಿಂದ ತೆಗೆದ ಬೀಜವಾದರಂತೂ ಎರಡನೇ ಪೀಳಿಗೆಗೆ ಎತ್ತರ, ಗಾತ್ರ, ಬಣ್ಣ ಎಲ್ಲ ಚೆಲ್ಲಾಪಿಲ್ಲಿ. ಯಾವ ಬಣ್ಣವಾದರೂ ಸರಿ, ಬೇಲಿ ತುಂಬಿದರೆ ಸಾಕು ಅನ್ನೋರು ಧಾರಾಳವಾಗಿ ತನ್ನಿ. ಶಂಖಪುಷ್ಪದ ಬೀಜ ಮಾತ್ರ ಕಣ್ಣುಮುಚ್ಚಿ ತಗೋಬಹುದು. ಅದು ಬಹುಪಾಲು ತನ್ನಲ್ಲೇ ಪರಾಗ ಕಟ್ಟಿಕೊಳ್ಳುವ ಜಾತಿ, ಬಣ್ಣ ಅಷ್ಟು ಸುಲಭಕ್ಕೆ ಕೆಡಲ್ಲ. ಸಿಪ್ಪೆ ಗಟ್ಟಿ, ರಾತ್ರಿ ನೀರಲ್ಲಿ ನೆನೆಹಾಕಿ ಬಿತ್ತಿ. ಆಸ್ಟರ್ ಬೀಜವನ್ನಂತೂ ಇಲ್ಲಿ ತಗೋಬೇಡಿ. ಅದರ ಮೊಳಕೆ ಶಕ್ತಿ ಬೇಗ ಇಳಿದುಹೋಗುತ್ತೆ, ಅದರಲ್ಲೂ ನಮ್ಮ ಮಲೆನಾಡಿನ ಥಂಡಿಗೆ ಕಾಗದದ ಪೊಟ್ಟಣದಲ್ಲಿ ಮಳೆಗಾಲ ಕಳೆದ ಬೀಜ ಬಿತ್ತೋದೂ ಒಂದೇ, ಬಿಡೋದೂ ಒಂದೇ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕ ಕಾಮಿನಿ, ಅರ್ಕ ಪೂರ್ಣಿಮಾ ಅನ್ನೋ ಆಸ್ಟರ್ ತಳಿಗಳಿವೆಯಲ್ಲ, ಅವುಗಳ ಹೊಸ ಬೀಜ ತರಿಸಿಕೊಳ್ಳೋದೇ ವಾಸಿ.

ಗ್ಲಾಡಿಯೋಲಸ್ ವಿಷಯಕ್ಕೆ ನನ್ನದೊಂದು ತಕರಾರು. ಬಟಾಣಿ ಗಾತ್ರದ ಮರಿಗೆಡ್ಡೆ ಮುಷ್ಟಿ ತುಂಬ ತಂದು, ಲೆಕ್ಕಕ್ಕೆ ಲೆಕ್ಕ ಸರಿ ಅಂತ ಅದಕ್ಕೆ ಬದಲಾಗಿ ಕಣ್ಣು ಕಣ್ಣು ಒಡೆದಿರುವ ಡೇರೆ ಎತ್ತಿಕೊಂಡು ಹೋಗೋರಿದ್ದಾರೆ. ಆ ಮರಿ ಹೂ ಬಿಡುವಷ್ಟು ದಪ್ಪ ಆಗೋಕೆ ಎರಡು ಹಂಗಾಮಾದರೂ ಬೇಕು. ಗಾತ್ರ ನೋಡಿ ಲೆಕ್ಕ ಹಾಕಬೇಕು ಅಂತ ಹೇಳಿದ್ದೇನೆ, "ಹೋಗ್ಲಿ ಬಿಡವ್ವ, ಗಿಡದಲ್ಲಿ ಏನು ಜಿಪುಣತನ" ಅಂತ ಅಲ್ಲಿಯವರು ನನ್ನ ಬಾಯೇ ಮುಚ್ಚಿಸಿದರು.

ಇನ್ನೊಂದು ತಕರಾರು ಗಂಭೀರದ್ದು. ಅಗ್ನಿಶಿಖೆ ಗೆಡ್ಡೆಯನ್ನು ಸುಗಂಧರಾಜದ ಪಕ್ಕದಲ್ಲೇ, ಮಕ್ಕಳು ಓಡಾಡುವ ಕಡೆ ಇಟ್ಟಿರ್ತಾರೆ. ಅದರಲ್ಲಿ ಕೊಲ್ಚಿಸಿನ್ ಅನ್ನೋ ವಿಷವಿದೆ, ತಿಂದರೆ ಜೀವಕ್ಕೇ ಅಪಾಯ. ನೋಡೋಕೆ ಗೆಣಸಿನ ಚೂರಿನಂತೆ ಬೇರೆ ಇರುತ್ತೆ. ಜಗುಲಿ ಮೇಲೆ, ದೊಡ್ಡವರ ಕೈಯಲ್ಲೇ ಇರಬೇಕು ಅದು.

ಮಣ್ಣಿನ ನಿಯಮವೂ ಬಿಗಿಯಾದರೆ ಒಳ್ಳೇದು. ಸುಗಂಧರಾಜದ ಗೆಡ್ಡೆಯನ್ನು ಮಣ್ಣು ಮೆತ್ತಿಕೊಂಡೇ ತರೋರಿದ್ದಾರೆ, ಬೇರುಗಂಟಿನ ಜಂತುಹುಳು ಆ ಮಣ್ಣಲ್ಲೇ ಊರಿಂದೂರಿಗೆ ಹೋಗೋದು. ತೊಳೆದು ನೆರಳಲ್ಲಿ ಆರಿಸಿ ತನ್ನಿ. ಡೇರೆಯ ನಂಜುರೋಗ ಇನ್ನೂ ಕಷ್ಟ, ಎಲೆಯ ನರದ ಗುಂಟ ಹಳದಿ ಹಿಡಿದು ಗಿಡ ಕುಳ್ಳಾಗುತ್ತೆ, ಗೆಡ್ಡೆಯೊಳಗೇ ಉಳಿದು ಮುಂದಿನ ವರ್ಷಕ್ಕೂ ಬರುತ್ತೆ. ಔಷಧಿ ಇಲ್ಲ, ಕಿತ್ತು ಸುಡಬೇಕು. ಫೋಟೋದಲ್ಲಿ ಹೂ ಮಾತ್ರ ತೋರಿಸಿದರೆ ಎಲೆಯದ್ದೂ ತೋರಿಸಿ ಅಂತ ಕೇಳಿ.

ಬರೋಕಾಗದವರು ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸೋದೂ ಉಂಟು. ಒಣ ಮರದ ಹೊಟ್ಟಿನಲ್ಲಿಟ್ಟು ರಟ್ಟಿನ ಡಬ್ಬಿಗೆ ಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಬೆವತು ಕೊಳೆಯುತ್ತೆ.

ಹಲಸಿನಹಣ್ಣಿನ ಕಡುಬು, ಕಾಫಿ ಮನೆಯವರದ್ದು, ಅದಕ್ಕೆ ಅಂಕ ಕೊಡೋದು ಸರಿಯಲ್ಲ. ತಂದ ಗೆಡ್ಡೆಯನ್ನು ಆರಿದ್ರಾ ಮಳೆ ಹಿಡಿಯುವ ಮುಂಚೆ ಏರುಮಡಿ ಮಾಡಿ ನೆಟ್ಟುಬಿಡಿ, ಆಮೇಲೆ ಕೊಳೆಯೋದೇ ಹೆಚ್ಚು. ಬೆಳಿಗ್ಗೆ ಹತ್ತರೊಳಗೆ ಅಲ್ಲಿರಿ. ತಡವಾದರೆ ಬಿಳಿ ಡೇರೆ, ಅಂಚಿನ ಡೇರೆ ಎಲ್ಲ ಖಾಲಿಯಾಗಿ ಚೆಂಡುಹೂವಿನ ಬೀಜವೇ ಗತಿ.