ಇಷ್ಟದ ಪಕ್ಷಕ್ಕೋ, ಗೆಲ್ಲೋ ಪಕ್ಷಕ್ಕೋ?

ಕೆನಡಾದಲ್ಲೂ ನಮ್ಮಲ್ಲಿಯ ಹಾಗೆ ಕ್ಷೇತ್ರದಲ್ಲಿ ಜಾಸ್ತಿ ಮತ ಬಿದ್ದವರೇ ಗೆಲ್ಲುವುದು, ಅರ್ಧ ದಾಟಬೇಕೆಂದಿಲ್ಲ. ಹಾಗಾಗಿ ಎಡಪಂಥೀಯ ಸಣ್ಣ ಪಕ್ಷ ಎನ್‌ಡಿಪಿ (ನ್ಯೂ ಡೆಮಾಕ್ರಟಿಕ್ ಪಾರ್ಟಿ) ಬೆಂಬಲಿಗರಿಗೆ ಪ್ರತಿ ಸಲ ಅದೇ ತಲೆನೋವು: ತಮ್ಮ ಪಕ್ಷಕ್ಕೆ ಹಾಕೋದಾ, ಬಲಪಂಥೀಯ ಕನ್ಸರ್ವೇಟಿವ್ ಪಕ್ಷ ಬರದಿರಲಿ ಅಂತ ಮಧ್ಯಮ ಪಂಥದ ಲಿಬರಲ್ ಪಕ್ಷಕ್ಕೆ ಹಾಕೋದಾ?

2025ರ ಏಪ್ರಿಲ್ ಚುನಾವಣೆಯಲ್ಲಿ ಬಹಳ ಜನ ಎರಡನೆಯದನ್ನೇ ಮಾಡಿದರು. ಟ್ರಂಪ್ ಸುಂಕದ ಬೆದರಿಕೆ ಒಂದು ಕಡೆ, ಲಿಬರಲ್ ಪ್ರಧಾನಿ ಟ್ರುಡೊ ಜಾಗಕ್ಕೆ ಮಾರ್ಕ್ ಕಾರ್ನಿ ಬಂದದ್ದು ಇನ್ನೊಂದು ಕಡೆ. ಗಾಳಿ ತಿರುಗಿತು, ಲಿಬರಲ್ ಸರ್ಕಾರ ಉಳಿಯಿತು. ಆದರೆ 2021ರಲ್ಲಿ 25 ಸೀಟು ಗೆದ್ದಿದ್ದ ಎನ್‌ಡಿಪಿ 7ಕ್ಕೆ ಕುಸಿಯಿತು. 12 ಸೀಟು ಇಲ್ಲದಿದ್ದರೆ ಸಂಸತ್ತಿನಲ್ಲಿ ಅಧಿಕೃತ ಪಕ್ಷದ ಮಾನ್ಯತೆಯೂ ಇಲ್ಲ. ನಾಯಕ ಜಗ್ಮೀತ್ ಸಿಂಗ್ ಸ್ವಂತ ಕ್ಷೇತ್ರದಲ್ಲೇ ಮೂರನೆಯವರಾದರು. ಸಣ್ಣ ಬೆಲೆಯಲ್ಲ, ಅಲ್ವಾ?

ಇಷ್ಟದ ಮತವೂ ಬಿಟ್ಟಿ ಅಲ್ಲ. ಅದೇ ಚುನಾವಣೆಯಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನನೈಮೊ–ಲೇಡಿಸ್ಮಿತ್ ಕ್ಷೇತ್ರದಲ್ಲಿ ಲಿಬರಲ್, ಎನ್‌ಡಿಪಿ, ಗ್ರೀನ್ ಮತ ಮೂರು ಪಾಲಾಯಿತು. ಕನ್ಸರ್ವೇಟಿವ್ ಗೆದ್ದರು.

ನನ್ನ ಸಲಹೆ: ದೇಶದ ಸಮೀಕ್ಷೆ ನೋಡಿ ಸುಮ್ನೆ ಮತ ಬದಲಿಸಬೇಡಿ, ನಿಮ್ಮ ಕ್ಷೇತ್ರದ ಹಿಂದಿನ ಫಲಿತಾಂಶ ನೋಡಿ. ಅಲ್ಬರ್ಟಾದ ಹಳ್ಳಿ ಕಡೆ ಕನ್ಸರ್ವೇಟಿವ್ ಹೇಗೂ ಭಾರಿ ಅಂತರದಲ್ಲಿ ಗೆಲ್ಲುತ್ತಾರೆ, ಅಲ್ಲಿ ಧಾರಾಳವಾಗಿ ಇಷ್ಟದವರಿಗೇ ಹಾಕಿ. ಹಣಾಹಣಿ ಇದ್ದರೆ ಮಾತ್ರ ಲೆಕ್ಕ ಹಾಕಿ. ಕನ್ಸರ್ವೇಟಿವ್‌ಗೆ ಎದುರಾಳಿ ಎನ್‌ಡಿಪಿಯೇ ಆಗಿರುವ ಕಡೆ ಲಿಬರಲ್‌ಗೆ ಹಾಕಿದರೆ ಲೆಕ್ಕ ಉಲ್ಟಾ ಹೊಡೆಯುತ್ತದೆ.