ದೂರಶಿಕ್ಷಣವೋ, ಅಪ್ರೆಂಟಿಸ್‌ಶಿಪ್ಪೋ?

ಇಂಗ್ಲೆಂಡಿನಲ್ಲಿ ಹಿರಿಯ ಆರೋಗ್ಯ ಸಹಾಯಕರಾಗಲು (ಸೀನಿಯರ್ ಹೆಲ್ತ್‌ಕೇರ್ ಸಪೋರ್ಟ್ ವರ್ಕರ್, ಅಂದರೆ ನರ್ಸ್‌ಗಳ ಕೈಕೆಳಗೆ ರೋಗಿಗಳನ್ನು ನೋಡಿಕೊಳ್ಳುವವರು) ಹೊರಟವರಿಗೆ ಈ ಗೊಂದಲ ಇದ್ದದ್ದೇ. ದೂರಶಿಕ್ಷಣದ ಲೆವೆಲ್ 3 (ಸುಮಾರು ನಮ್ಮ ಪಿಯುಸಿ ಮಟ್ಟದ) ಕೋರ್ಸಿಗೆ ಸಾಮಾನ್ಯವಾಗಿ ಕೈಯಿಂದಲೇ ಫೀಸು ಕಟ್ಟಬೇಕು. ಮಕ್ಕಳು ಮಲಗಿದ ಮೇಲೂ ಓದಬಹುದು ಅನ್ನುವುದೇ ಅದರ ದೊಡ್ಡ ಅನುಕೂಲ. ಆದರೆ ಸೇರುವ ಮುನ್ನ ಕೇಳಿ: ಇದು ಬರೀ ಥಿಯರಿಯ ಸರ್ಟಿಫಿಕೇಟೋ, ಕೆಲಸದ ಕೌಶಲವನ್ನೂ ಅಳೆಯುವ ಡಿಪ್ಲೊಮಾವೋ? ಡಿಪ್ಲೊಮಾ ಆದರೆ, ರೋಗಿಯ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುವುದು, ಚಾರ್ಟಿನಲ್ಲಿ ಬರೆಯುವುದು, ಇಂಥವನ್ನೆಲ್ಲ ಕೆಲಸದ ಜಾಗದಲ್ಲೇ ಮಾಡಿ ತೋರಿಸಬೇಕು. ಜಾಹೀರಾತು ಏನೇ ಹೇಳಲಿ, ಮನೆಯಲ್ಲೇ ಕೂತು ಅದು ಮುಗಿಯುವುದಿಲ್ಲ.

ಅಪ್ರೆಂಟಿಸ್‌ಶಿಪ್‌ನಲ್ಲಿ ಸಂಬಳ ಬರುತ್ತದೆ, ಫೀಸಿಲ್ಲ, ಕಲಿಕೆಯೂ ಕೆಲಸದ ವೇಳೆಯಲ್ಲೇ. ಆದರೆ ಅದು ಸಿಗುವುದೇ ಕಷ್ಟ, ವೀಸಾ ನಿಯಮವನ್ನೂ ನೋಡಿಕೊಳ್ಳಬೇಕು. ಈಗಾಗಲೇ ಆಸ್ಪತ್ರೆಯಲ್ಲಿ ಸಹಾಯಕರಾಗಿದ್ದರೆ ಮೊದಲು ಮ್ಯಾನೇಜರನ್ನೇ ಕೇಳಿ, ನಾನಾದರೆ ಹಾಗೇ ಮಾಡುತ್ತಿದ್ದೆ. ಎರಡರಲ್ಲಿ ಯಾವುದನ್ನು ಮುಗಿಸಿದರೂ ನರ್ಸ್ ನೋಂದಣಿ ಮಾತ್ರ ಸಿಗುವುದಿಲ್ಲ.