1/28 ಆರ್‌ಸಿ ಕಾರಿಗೆ ‘ಫುಲ್ ಮೆಟಲ್’ ಕಿಟ್, ಕಾರ್ಬನ್ ಚಾಸಿ ತರಿಸುವ ಮುಂಚೆ ಇದನ್ನು ಓದಿ

ಅಂಗೈ ಅಗಲದ ಆರ್‌ಸಿ (ರಿಮೋಟ್ ಕಂಟ್ರೋಲ್) ಕಾರ್ ಓಡಿಸುವವರು, ಅದರಲ್ಲೂ 1/28 ಅಳತೆಯ (ನಿಜವಾದ ಕಾರಿನ 28ನೇ ಒಂದು ಭಾಗದಷ್ಟಿರುವ) ಡಬ್ಲ್ಯುಎಲ್‌ಟಾಯ್ಸ್ ಕೆ989 ತರಹದ ಕಾರ್ ಇರುವವರು, ಆನ್‌ಲೈನಿನಲ್ಲಿ ಸಿಗುವ ಬ್ರ್ಯಾಂಡಿಲ್ಲದ ‘ಫುಲ್ ಮೆಟಲ್ ಅಪ್‌ಗ್ರೇಡ್ ಕಿಟ್’ (ಪ್ಲಾಸ್ಟಿಕ್ ಪಾರ್ಟುಗಳ ಬದಲಿಗೆ ಹಾಕುವ ಲೋಹದ ಪಾರ್ಟುಗಳ ಸೆಟ್) ನೋಡಿ ಆಸೆಪಡುವುದು ಸಹಜ. ದಯವಿಟ್ಟು ಸ್ವಲ್ಪ ತಡೆಯಿರಿ. ನನಗೆ ದುಡ್ಡು ಹೋಯಿತು, ಚಾಸಿ (ಎಲ್ಲ ಪಾರ್ಟುಗಳು ಕೂರುವ ಕಾರಿನ ತಳದ ಚೌಕಟ್ಟು) ಮುರಿಯಿತು, ಕೊನೆಗೆ ಬ್ಯಾಟರಿಯಿಂದ ಹೊಗೆಯೂ ಬಂತು. ಆಗ ಪಕ್ಕದಲ್ಲಿ ಅಕ್ಕನ ಮಗ ಕೂತಿದ್ದ. ಅವನಿಗೆ ಏನೂ ಆಗಲಿಲ್ಲ, ಆದರೆ ಇಷ್ಟು ಉದ್ದ ಬರೆಯುತ್ತಿರುವುದು ಅದಕ್ಕೇ.

2020ರ ನವೆಂಬರ್‌ನಲ್ಲಿ ಚೀನಾದ ಶಾಪಿಂಗ್ ಆ್ಯಪ್ ಅಲಿಎಕ್ಸ್‌ಪ್ರೆಸ್ ಸೇರಿ 43 ಆ್ಯಪ್‌ಗಳು ನಿಷೇಧ ಆದ ಮೇಲೆ ಇಂಥ ಚಿಕ್ಕ ಪಾರ್ಟ್‌ಗಳಿಗೆ ನಾವು ಇಲ್ಲಿನ ಮಾರಾಟಗಾರರನ್ನೇ ನಂಬಬೇಕು. ನಾನು ತರಿಸಿದ್ದೂ ಹಾಗೆಯೇ. ಅವರ ಪುಟದಲ್ಲಿ ಕೆ969, ಕೆ979, ಕೆ989, ಕೆ999, ಪಿ929, ಪಿ939 ಹೀಗೆ ಅದೇ ಕಂಪನಿಯ ಮಾಡೆಲ್ ಎಲ್ಲಕ್ಕೂ ‘ಡೈರೆಕ್ಟ್ ಫಿಟ್’ ಎಂದು ಬರೆದಿತ್ತು. ಆದರೆ ಒಂದು ಪಾರ್ಟಿನ ಅಳತೆಯೂ ಇರಲಿಲ್ಲ. ಆರ್ಮಿನ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳು) ಉದ್ದ ಎಷ್ಟು, ಪಿನ್ನಿನ (ಆ ತೋಳು ಮೇಲೆ ಕೆಳಗೆ ಆಡುವ ಕಡ್ಡಿ) ದಪ್ಪ ಎಷ್ಟು, ಸ್ಕ್ರೂ ಯಾವುದು ಎಂದು ಮೆಸೇಜ್ ಮಾಡಿ ಕೇಳಿದರೆ ‘ಸರ್, ಹಂಡ್ರೆಡ್ ಪರ್ಸೆಂಟ್ ಫಿಟ್ ಆಗತ್ತೆ’ ಎಂಬ ಉತ್ತರ ಬಂತು. ಅಳತೆ ಕೇಳಿದಾಗ ಅಳತೆ ಹೇಳದವರ ಹತ್ತಿರ ಚಾಸಿ ಪಾರ್ಟ್ ಕೊಳ್ಳಬೇಡಿ, ಸುಮ್ನೆ ಮುಂದಕ್ಕೆ ಹೋಗಿ.

ಪ್ಯಾಕೆಟ್ ಬಂದಾಗ ನೋಡಲು ತುಂಬಾ ಚೆನ್ನಾಗಿತ್ತು. ನೀಲಿ ಬಣ್ಣ, ಹೊಳಪು. ಕೂರಿಸಲು ಹೊರಟಾಗ ತೊಂದರೆ ಶುರುವಾಯಿತು. ಮುಂದಿನ ಎಡಗಡೆ ಆರ್ಮು ಪಿನ್ನಿನ ಮೇಲೆ ಬಿಗಿಯಾಗಿತ್ತು, ತೂತಿನ ಒಳಗೆಲ್ಲ ಬಣ್ಣ ಕೂತಿತ್ತು. ಬಲಗಡೆಯದು ಅದೇ ಪಿನ್ನಿನಲ್ಲಿ ಗಡಗಡ ಅಲ್ಲಾಡುತ್ತಿತ್ತು. ಇದನ್ನು ಪತ್ತೆಹಚ್ಚುವುದು ಸುಲಭ. ಶಾಕ್ ಅಬ್ಸಾರ್ಬರ್ (ಏಟು ತಡೆಯುವ ಸ್ಪ್ರಿಂಗ್) ಬಿಚ್ಚಿಡಿ, ಆರ್ಮನ್ನು ಬೆರಳಿನಿಂದ ಮೇಲೆತ್ತಿ ಬಿಡಿ. ಅದು ತನ್ನ ಭಾರಕ್ಕೇ ಪಟ್ಟನೆ ಕೆಳಗೆ ಬೀಳಬೇಕು. ಅರ್ಧಕ್ಕೆ ನಿಂತರೆ ಬಿಗಿಯಾಗಿದೆ ಅಂತ ಅರ್ಥ. ಆಗ ಎಷ್ಟು ಒಳ್ಳೆಯ ಸ್ಪ್ರಿಂಗ್ ಹಾಕಿದರೂ ಆ ಚಕ್ರ ನೆಲ ಹಿಡಿಯುವುದಿಲ್ಲ, ಕಾರು ತಿರುವಿನಲ್ಲಿ ಒಂದು ಸಲ ಒಂದು ಥರ ಹೋಗುತ್ತದೆ, ಇನ್ನೊಂದು ಸಲ ಇನ್ನೊಂದು ಥರ. ಕಾರಿನ ಜೊತೆ ಬಂದಿದ್ದ ಮಾಮೂಲಿ ಪ್ಲಾಸ್ಟಿಕ್ ಆರ್ಮುಗಳು ನಾಲ್ಕೂ ಈ ಪರೀಕ್ಷೆಯಲ್ಲಿ ಸಲೀಸಾಗಿ ಬಿದ್ದವು.

ಸ್ಕ್ರೂ ವಿಷಯ ಇನ್ನೂ ಕೆಟ್ಟದು. ಪ್ಲಾಸ್ಟಿಕ್ಕಿಗೆ ಹಾಕುವ ಸ್ಕ್ರೂವಿನ ಥ್ರೆಡ್ (ಸುತ್ತಲಿನ ಸುರುಳಿ ಗೆರೆ) ದೂರ ದೂರ ಇರುತ್ತದೆ, ಅದು ತನ್ನ ದಾರಿ ತಾನೇ ಕೊರೆದುಕೊಳ್ಳುತ್ತದೆ. ಲೋಹಕ್ಕೆ ಹಾಕುವ ಸ್ಕ್ರೂವಿನ ಥ್ರೆಡ್ ಒತ್ತೊತ್ತಾಗಿ ಸಣ್ಣಗಿರುತ್ತದೆ. ಕಿಟ್ಟಿನ ಜೊತೆ ಅವರು ಕೊಟ್ಟಿದ್ದು ಎಲ್ಲವೂ ಎರಡನೇ ಜಾತಿಯ 2 ಮಿ.ಮೀ. ಸ್ಕ್ರೂಗಳು. ಆದರೆ ಆ ಲೋಹದ ಪಾರ್ಟುಗಳು ಕೂರುವುದು ಪ್ಲಾಸ್ಟಿಕ್ ಚಾಸಿಯ ಮೇಲೆ ತಾನೇ? ‘ಕಿಟ್ಟಿನ ಸ್ಕ್ರೂಗಳನ್ನೇ ಬಳಸಿ’ ಎಂದು ಚೀಟಿಯಲ್ಲಿ ಅಚ್ಚು ಹಾಕಿದ್ದಾರೆ, ಹಾಗೆ ಹಾಕಿದರೆ ಚಾಸಿಯ ತೂತಿನೊಳಗೆ ಮೊದಲೇ ಇದ್ದ ದಾರಿಯನ್ನು ಕೆರೆದು ಹಾಳು ಮಾಡುತ್ತವೆ. ಪ್ಲಾಸ್ಟಿಕ್ಕಿಗೆ ಯಾವಾಗಲೂ ಕಾರಿನ ಹಳೆ ಸ್ಕ್ರೂವನ್ನೇ ಹಾಕಿ. ಮೊದಲು ನಿಧಾನವಾಗಿ ಉಲ್ಟಾ ತಿರುಗಿಸಿ, ಹಳೆ ದಾರಿ ಸಿಕ್ಕಾಗ ಒಂದು ಸಣ್ಣ ‘ಟಕ್’ ಕೈಗೆ ಗೊತ್ತಾಗುತ್ತದೆ, ಆಮೇಲೆ ಬಿಗಿ ಮಾಡಿ. ಹೀಗೆ ಮಾಡಿದರೆ ಎಷ್ಟು ಸಲ ಬಿಚ್ಚಿ ಹಾಕಿದರೂ ತೂತು ಬೇಗ ಹಾಳಾಗಲ್ಲ.

ಜೊತೆಗೆ ಒಂದು ಪುಟ್ಟ ಟ್ಯೂಬಿನಲ್ಲಿ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು ಅಂದರೆ ಥ್ರೆಡ್‌ಲಾಕ್ ಕೊಟ್ಟಿದ್ದರು, ಅದೂ ಕೆಂಪು. ಕೆಂಪು ಅಂದರೆ ಕಾಯಿಸದೆ ಬಿಚ್ಚಲು ಬರದಷ್ಟು ಗಟ್ಟಿ ಹಿಡಿಯುವಂಥದ್ದು. ಇಷ್ಟು ಚಿಕ್ಕ ಸ್ಕ್ರೂವಿಗೆ ಅದನ್ನು ಹಾಕಿದರೆ ಬಿಚ್ಚುವಾಗ ಸ್ಕ್ರೂವಿನ ತಲೆಯೇ ಹಾಳಾಗುತ್ತದೆ. ಲೋಹಕ್ಕೆ ಲೋಹ ಸೇರುವ ಕಡೆ ನೀಲಿಯದು ಒಂದು ಚುಕ್ಕೆ ಸಾಕು. ಪ್ಲಾಸ್ಟಿಕ್ ಇರುವ ಕಡೆ ಯಾವ ಬಣ್ಣದ್ದೂ ಬೇಡ. ಥ್ರೆಡ್‌ಲಾಕ್ ತಗುಲಿದರೆ ಎಷ್ಟೋ ಬಗೆಯ ಪ್ಲಾಸ್ಟಿಕ್ ಒಳಗೊಳಗೇ ಬಿರುಕು ಬಿಡುತ್ತದೆ.

ಇನ್ನು ಮುರಿದ ಕಥೆ. ನಾವು ಒಂದಷ್ಟು ಜನ ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಓಡಿಸುತ್ತೇವೆ. ನಯವಾದ ಕಾಂಕ್ರೀಟ್ ನೆಲ, ಮಧ್ಯೆ ಕಂಬಗಳು. ಕಂಬಕ್ಕೆ ಗುದ್ದುವುದು ಈ ಆಟದಲ್ಲಿ ಇದ್ದದ್ದೇ, ಪ್ಲಾಸ್ಟಿಕ್ ಆರ್ಮು ಇದ್ದಾಗ ಎಷ್ಟು ಸಲ ಗುದ್ದಿದರೂ ಹೆಚ್ಚೆಂದರೆ ಆರ್ಮು ಮುರಿಯುತ್ತಿತ್ತು, ಅದು ಕಡಿಮೆ ದುಡ್ಡಿನ ಪಾರ್ಟು. ಅಲ್ಯೂಮಿನಿಯಂ ಹಾಕಿದ ಮೇಲೆ ಅದೇ ಥರದ ಒಂದು ಗುದ್ದಿಗೆ ಆರ್ಮಿಗೆ ಏನೂ ಆಗಲಿಲ್ಲ, ಅದರ ಹಿಂದೆ ಮುಂದಿನ ಗೇರ್‌ಬಾಕ್ಸನ್ನು ಹಿಡಿದಿರುವ ಚಾಸಿಯ ಕಂಬಿ ಬುಡಸಮೇತ ಕಿತ್ತುಬಂತು. ಪ್ಲಾಸ್ಟಿಕ್ ಬಾಗಿ ಏಟನ್ನು ನುಂಗಿಕೊಳ್ಳುತ್ತದೆ. ಅಲ್ಯೂಮಿನಿಯಂ ನುಂಗುವುದಿಲ್ಲ, ಬಂದ ಏಟನ್ನು ಹಾಗೇ ಪಕ್ಕದವನಿಗೆ ದಾಟಿಸುತ್ತದೆ. ಪಕ್ಕದವನು ಯಾರು? ಚಾಸಿ. ಅದನ್ನು ಬದಲಿಸಲು ಇಡೀ ಕಾರ್ ಬಿಚ್ಚಬೇಕು. ಇನ್ನು ಅಲ್ಯೂಮಿನಿಯಂ ಬಾಗಿದರಂತೂ ಬಾಗಿದ್ದೇ, ಮತ್ತೆ ನೆಟ್ಟಗಾಗಲ್ಲ. ಕಣ್ಣಿಗೆ ಕಾಣದಷ್ಟು ಬಾಗಿದರೂ ಕಾರು ಒಂದು ಕಡೆಗೆ ಎಳೆಯುತ್ತಿರುತ್ತದೆ.

ಭಾರದ ಮಾತನ್ನು ಯಾರೂ ಹೇಳುವುದಿಲ್ಲ. ಲೋಹದ ಆರ್ಮು, ನಕಲ್, ಹಬ್ (ಚಕ್ರವನ್ನು ಹಿಡಿದಿರುವ ತುಂಡುಗಳು) ಎಲ್ಲ ಸೇರಿ ಇಷ್ಟು ಪುಟ್ಟ ಕಾರಿಗೆ ದೊಡ್ಡ ಹೊರೆ. ನನ್ನ ಕಾರಿನ ಮೋಟಾರು ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು, ಸರ್ವೋ (ಚಕ್ರವನ್ನು ಎಡಬಲಕ್ಕೆ ತಿರುಗಿಸುವ ಪುಟ್ಟ ಮೋಟಾರು) ನಿಂತಲ್ಲೇ ಗುಂಯ್‌ಗುಡುತ್ತಿತ್ತು.

ಚಾಸಿ ಹೋಯಿತು ಎಂದು ದೂರಿದ್ದಕ್ಕೆ ಅದೇ ಮಾರಾಟಗಾರರು ‘ಇದು ಮುರಿಯೋದೇ ಇಲ್ಲ, ಹಾಗೇ ಹಾಕಿ ಓಡಿಸಿ’ ಎಂದು ಸ್ವಲ್ಪ ರಿಯಾಯಿತಿಯಲ್ಲಿ ಚಾಸಿಯ ಬದಲಿಗೆ ಹಾಕುವ ಕಾರ್ಬನ್ ಫೈಬರ್ ತಟ್ಟೆ ಕಳಿಸಿದರು. ಎಲ್ಲಕ್ಕಿಂತ ಅಪಾಯದ ಭಾಗ ಇದು. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ! ತಟ್ಟೆಯ ಮೇಲೆ ಕೆಳಗೆ ತೆಳುವಾದ ರಾಳದ ಪದರ ಇರುವುದರಿಂದ ಮುಟ್ಟಿದರೆ ಗೊತ್ತಾಗುವುದಿಲ್ಲ, ಆದರೆ ಕತ್ತರಿಸಿದ ಅಂಚಿನಲ್ಲಿ, ಸ್ಕ್ರೂ ತೂತಿನ ಒಳಗೋಡೆಯಲ್ಲಿ ನಾರು ಬರಿದಾಗಿಯೇ ಇರುತ್ತದೆ. ಆ ಅಂಚು ಹರಿತವೂ ಹೌದು. ಬ್ಯಾಟರಿಯ ಕೆಂಪು ವೈರು ಅಂಚಿಗೆ ತಾಗಿ ತಾಗಿ ಮೇಲಿನ ಸಿಪ್ಪೆ ಸವೆದು ತಾಮ್ರ ಕಾಣುತ್ತಿತ್ತು. ಅತ್ತ ಸರ್ಕ್ಯೂಟ್ ಬೋರ್ಡಿನ ಹಿಂಭಾಗದ ನೆಗೆಟಿವ್ ಬೆಸುಗೆ, ಕಿಟ್ಟಿನ ಅಲ್ಯೂಮಿನಿಯಂ ಕಂಬಕ್ಕೆ ಒತ್ತಿಕೊಂಡಿತ್ತು. ಕಂಬ, ಸ್ಕ್ರೂ, ಕಾರ್ಬನ್ ತಟ್ಟೆ, ವೈರು, ಇಷ್ಟಾದರೆ ಶಾರ್ಟ್ ಸರ್ಕ್ಯೂಟ್ ಆಗಿಯೇ ಹೋಯಿತು ಅಲ್ವಾ. ಎರಡು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಅದು, 7.4 ವೋಲ್ಟ್ ಎಂದು ಬರೆದಿದ್ದರೂ ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್ ಇರುತ್ತದೆ. ಬ್ಯಾಟರಿ ಉಬ್ಬಿತು, ಸಿಹಿ ಸಿಹಿ ಕೆಮಿಕಲ್ ವಾಸನೆ ಬಂತು, ಹೊಗೆ ಎದ್ದಿತು. ಅಲ್ಲೇ ಇದ್ದ ಮರಳಿನ ಬಕೆಟ್ಟಿಗೆ ಹಾಕಿದ್ದರಿಂದ ಬೆಂಕಿ ಹತ್ತಲಿಲ್ಲ. ಮಾರಾಟಗಾರರಿಗೆ ಫೋಟೋ ಕಳಿಸಿದೆ, ‘ಪ್ಯಾಕ್ ಓಪನ್ ಆಗಿದೆ, ರಿಟರ್ನ್ ಇಲ್ಲ’ ಎಂದರು. ಆ ತಟ್ಟೆ ಇವತ್ತಿಗೂ ಅವರ ಪುಟದಲ್ಲಿದೆ, ಇನ್ಸುಲೇಷನ್ ಬಗ್ಗೆ ಒಂದು ಸಾಲಿಲ್ಲ.

ಹಾಗಾದರೆ ಏನೂ ಹಾಕಿಸಬಾರದಾ ಅಂದರೆ, ಹಾಕಿಸಬಹುದು. ನಿಮ್ಮ ಕಾರು ಬುಷ್ (ಅಚ್ಚು ತಿರುಗುವ ಬರೀ ಬಳೆ) ಮೇಲೆ ಓಡುತ್ತಿದ್ದರೆ ಮೊದಲು ಬೇರಿಂಗ್ (ಒಳಗೆ ಗುಂಡುಗಳಿರುವ ಬಳೆ) ಹಾಕಿ, ಕೊಟ್ಟ ದುಡ್ಡಿಗೆ ಅದರಷ್ಟು ಲಾಭ ಬೇರೆ ಯಾವುದರಲ್ಲೂ ಇಲ್ಲ. ಆಮೇಲೆ ಟೈರು. ಲೋಹದ ಮೋಟಾರ್ ಮೌಂಟ್ ಹಾಕಿದರೆ ಪಿನಿಯನ್ (ಮೋಟಾರಿನ ಚಿಕ್ಕ ಗೇರ್) ಮತ್ತು ಸ್ಪರ್ ಗೇರ್ (ಅದು ತಿರುಗಿಸುವ ದೊಡ್ಡ ಗೇರ್) ನಡುವೆ ತೆಳು ಕಾಗದದ ಚೂರು ತೂರಿಸಿ ತಿರುಗಿಸಿ ನೋಡಿ. ಕಾಗದ ಮಡಿಕೆ ಬಿದ್ದು ಹೊರಬರಬೇಕು, ಹರಿದರೆ ಗೇರ್ ಜಾಸ್ತಿ ಹತ್ತಿರ ಇವೆ. ಕ್ಯೋಶೋ ಕಂಪನಿಯ ಮಿನಿ-ಝಡ್ ಕಾರು ಇರುವವರು ಇನ್ನೂ ಹುಷಾರಾಗಿರಬೇಕು, ಅದರಲ್ಲಿ 90, 94, 98, 102 ಮಿ.ಮೀ. ಹೀಗೆ ಬೇರೆ ಬೇರೆ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಇವೆ, ಬಾಡಿಗೂ ಚಾಸಿಗೂ ಅದು ತಾಳೆಯಾಗಬೇಕು. ಅದರಲ್ಲೇ ಎಂಆರ್-03 ಮಾಡೆಲ್ ಹಿಂದಿನ ಚಕ್ರದಿಂದ ಓಡುವುದು, ಎಂಎ-020 ನಾಲ್ಕೂ ಚಕ್ರದಿಂದ. ಎರಡಕ್ಕೂ ಒಂದೇ ಕಿಟ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕಾರ್ಬನ್ ತಟ್ಟೆ ಈಗಾಗಲೇ ನಿಮ್ಮ ಕಾರಿನಲ್ಲಿದ್ದರೆ ಇವತ್ತೇ ಬ್ಯಾಟರಿ ತೆಗೆದು ಒಂದು ಕೆಲಸ ಮಾಡಿ. ಅಂಚಿನ ಎರಡು ಕಡೆ ಮಲ್ಟಿಮೀಟರಿನ (ಕರೆಂಟ್ ಹರಿದರೆ ಬೀಪ್ ಮಾಡುವ ಮೀಟರ್) ಮುಳ್ಳು ಇಟ್ಟು ನೋಡಿ. ಬೀಪ್ ಬಂದರೆ ಅದು ನಿಜವಾದ ಕಾರ್ಬನ್, ಬರದಿದ್ದರೆ ಅಂಚನ್ನು ಸ್ವಲ್ಪ ಉಜ್ಜಿ ಮತ್ತೆ ನೋಡಿ. ಆಗಲೂ ಇಲ್ಲ ಅಂದರೆ ಬಹುಶಃ ಕಪ್ಪು ಬಣ್ಣದ ಗ್ಲಾಸ್ ಫೈಬರ್, ಕರೆಂಟಿನ ಮಟ್ಟಿಗೆ ಅದೇ ವಾಸಿ. ಕಾರ್ಬನ್ ಆಗಿದ್ದರೆ ಅಂಚನ್ನು ಸಣ್ಣ ಉಪ್ಪುಕಾಗದದಿಂದ ನೀರು ಹಾಕಿ ಉಜ್ಜಿ, ಪುಡಿ ಉಸಿರಿಗೆ ಹೋಗದಂತೆ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ಒಣಗಿದ ಮೇಲೆ ಸುತ್ತಲೂ ಫೆವಿಕ್ವಿಕ್ ಸವರಿ. ಬೋರ್ಡಿನ ಕೆಳಗೆ ದಪ್ಪ ಡಬಲ್ ಟೇಪ್ ಹಾಕಿ, ವೈರು ಅಂಚು ದಾಟುವ ಕಡೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ವೈರನ್ನು ಹಿಡಿಯುವ ಕೊಳವೆ) ಹಾಕಿ. ಇಷ್ಟು ಆಗುವವರೆಗೆ ಆ ಕಾರನ್ನು ಮಕ್ಕಳ ಕೈಗೆ ಕೊಡಬೇಡಿ.